ಶಿಫಾರಸು ಬೇಡವೆಂದ ಕಚೇರಿ

ತುಮಕೂರಿನ ಆ ಕಚೇರಿಗೆ ಹೊಸ ಕಂಪ್ಯೂಟರ್ ಪರದೆಗಳು ಬಂದಿವೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ನನ್ನ ಅರ್ಜಿ ಇನ್ನೂ ಅಲ್ಲೇ ಇದೆ. 27 ಇಂಚು, 4ಕೆ. ಅಡ್ಡಕ್ಕೆ 3840 ಚುಕ್ಕಿ (ಪಿಕ್ಸೆಲ್), ಮೇಲಿನಿಂದ ಕೆಳಕ್ಕೆ 2160. ಒಟ್ಟು ಸುಮಾರು 83 ಲಕ್ಷ ಚುಕ್ಕಿ. ಅಂಚಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕಿತ್ತಿಲ್ಲ, ಆಯುಧಪೂಜೆಯ ಕುಂಕುಮ ಅದರ ಮೇಲೆಯೇ ಒಣಗಿದೆ. ಇಷ್ಟು ವೈಭವದ ಮುಂದೆ ಗುಮಾಸ್ತರು ಮೂಗನ್ನು ಗಾಜಿಗೆ ತಾಗಿಸಿಕೊಂಡು ಕುಳಿತಿದ್ದಾರೆ. ಪರದೆ ಬಾಗಿಲಿನಷ್ಟು, ಅಕ್ಷರ ಸಾಸಿವೆಯಷ್ಟು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಊಟದ ತಟ್ಟೆ ಅಷ್ಟೇ ಇರುತ್ತದೆ. ಅದರಲ್ಲಿ ಎರಡು ತಟ್ಟೆ ಇಡ್ಲಿ ಬೇಕೋ, ಅಂಗಿಯ ಗುಂಡಿಯಷ್ಟು ಗಾತ್ರದ ಇಪ್ಪತ್ತು ಇಡ್ಲಿ ಬೇಕೋ ಎನ್ನುವುದು ತಿನ್ನುವವನ ಇಷ್ಟ. ಕಂಪ್ಯೂಟರಿನಲ್ಲಿ ಇಡ್ಲಿಯ ಜಾಗಕ್ಕೆ ಅಕ್ಷರ ಬರುತ್ತದೆ, ಆ ಇಷ್ಟಕ್ಕೆ ಸ್ಕೇಲಿಂಗ್ ಎಂದು ಹೆಸರು. ವಿಂಡೋಸಿನ ಹಳೆಯ ಲೆಕ್ಕದಲ್ಲಿ ಇಂಚಿಗೆ 96 ಚುಕ್ಕಿ, ಈ ಪರದೆಯಲ್ಲಿ 163. ಚುಕ್ಕಿ ಕಿರಿದಾದಾಗ ಅಷ್ಟೇ ಚುಕ್ಕಿಗಳ ಅಕ್ಷರವೂ ಸೊರಗಿ, ರೂಪಾಯಿಯಷ್ಟಿದ್ದದ್ದು ಒಂಬತ್ತೂವರೆ ಆಣೆಗೆ ಇಳಿಯುತ್ತದೆ.

ಮದ್ದು ಅರ್ಧ ನಿಮಿಷದ್ದು. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು, ಸ್ಕೇಲ್ ನೋಡಿದರಾಯಿತು. ಅಲ್ಲಿ ಶೇ. 150ರ ಪಕ್ಕದಲ್ಲಿ ಕಂಪ್ಯೂಟರೇ ಕಂಸ ಹಾಕಿ 'ಶಿಫಾರಸು' ಎಂದು ಬರೆದಿದೆ. ಶಿಫಾರಸಿಲ್ಲದೆ ಕಡತವೊಂದು ಮೇಜಿನಿಂದ ಮೇಜಿಗೆ ಸರಿಯದ ಜಾಗದಲ್ಲಿ, ಯಾರ ಕೈಯನ್ನೂ ಬೆಚ್ಚಗೆ ಮಾಡದೆ ತಾನಾಗಿ ಬಂದ ಏಕೈಕ ಶಿಫಾರಸು ಇದು. ಇದನ್ನೇ ತಿರಸ್ಕರಿಸಿದ್ದಾರೆ. ಇಂಥ ನಿಷ್ಠುರ ಪ್ರಾಮಾಣಿಕತೆಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.

ಒಮ್ಮೆ 150 ಇಟ್ಟು ನೋಡಿದ್ದರಂತೆ. ಅಲ್ಲಿನ ತಂತ್ರಾಂಶ ಮುದಿ, ಅದಕ್ಕೆ 96ರ ಲೆಕ್ಕ ಬಿಟ್ಟು ಬೇರೇನೂ ಗೊತ್ತಿಲ್ಲ. ಅಂಥವುಗಳನ್ನು ವಿಂಡೋಸ್ ಚಿತ್ರದಂತೆ ಹಿಡಿದು ಎಳೆದು ಹಿಗ್ಗಿಸುತ್ತದೆ, ಅಕ್ಷರವೆಲ್ಲ ಮಂಜು. ಸಣ್ಣ ಇಡ್ಲಿಯನ್ನು ಅಂಗೈಯಲ್ಲಿ ಅಮುಕಿ ಅಗಲ ಮಾಡಿದರೆ ತಟ್ಟೆ ಇಡ್ಲಿಯಾಗುವುದಿಲ್ಲವಲ್ಲ, ಹಾಗೆ. ತಂತ್ರಾಂಶವನ್ನು ಸರಿಪಡಿಸುವ ಬದಲು ಮತ್ತೆ ಶೇ. 100ಕ್ಕೆ ಇಳಿಸಿ ಕೈತೊಳೆದುಕೊಂಡರು. ಪಕ್ಕದ ಮೇಜಿನವರು ಇನ್ನೂ ಜಾಣರು. ಪರದೆಯ ರೆಸಲ್ಯೂಷನ್ನನ್ನೇ ಹಳೆಯ ಮಾನಿಟರಿನ 1366, 768ಕ್ಕೆ ಇಳಿಸಿಕೊಂಡಿದ್ದಾರೆ. ಕೊಂಡದ್ದು 83 ಲಕ್ಷ ಚುಕ್ಕಿ, ನೋಡುವುದು ಹತ್ತೂವರೆ ಲಕ್ಷ. ಅದೂ ಸರಿಯಾಗಿ ಭಾಗವಾಗದ ಲೆಕ್ಕವಾದ್ದರಿಂದ ಮಂಜು ಅಲ್ಲಿಯೂ ತಪ್ಪಿಲ್ಲ. 1920, 1080 ಇಟ್ಟಿದ್ದರೆ ಸರಿಯಾಗಿ ಅರ್ಧವಾದರೂ ಆಗುತ್ತಿತ್ತು.

ಸಾಲಿನಲ್ಲಿ ನನ್ನ ಮುಂದೆ ಪಾವಗಡದ ಕಡೆಯ ಅಜ್ಜಿಯೊಬ್ಬರು ನಿಂತಿದ್ದರು. ಅವರ ಹೆಸರಿನಲ್ಲೊಂದು 'ದ್ಧ' ಇದೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯಡಿಯ ಒಂದು ಗೀಟು. ಒತ್ತಕ್ಷರಕ್ಕೆ ಇಳಿದರೆ ಅದು ಎಳ್ಳಿನ ಮೂತಿಯಷ್ಟು. ಈ ಪರದೆಯಲ್ಲಿ ಯಾರಿಗೆ ಕಂಡೀತು? ಹೋದ ಸಲ ಆ ಗೀಟು ಬಿಟ್ಟುಹೋಯಿತು. ಈಗ ದಾಖಲೆಯಲ್ಲಿ ಒಬ್ಬಳು, ಆಧಾರ್‌ನಲ್ಲಿ ಇನ್ನೊಬ್ಬಳು. ಇಬ್ಬರೂ ತಾನೇ ಎಂದು ಅಜ್ಜಿ ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿ, ನೋಟರಿಯ ಮುದ್ರೆ ಹಾಕಿಸಿಕೊಂಡು ತರಬೇಕಂತೆ. ತಪ್ಪು ಮಾಡಿದವರು ಒಳಗೆ ಫ್ಯಾನಿನ ಕೆಳಗಿದ್ದಾರೆ, ಪ್ರಮಾಣ ಮಾಡಬೇಕಾದವರು ಹೊರಗೆ ನಿಂತಿದ್ದಾರೆ. ಹೆಚ್ಚುಕಡಿಮೆ 100 ಕಿಲೋಮೀಟರ್ ದಾರಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಒಪ್ಪಿದೆ. ಕೂಲಿ ಬಿಟ್ಟು ಬಂದ ದಿನ ಉಚಿತವಲ್ಲ. ಒಂದು ಗೀಟಿಗೆ ಎಷ್ಟು ದಿನ ಕೊಡಬೇಕು ಅವರು?

ಸ್ಕೇಲ್ ಬದಲಾಯಿಸಿಕೊಡಲೇ ಎಂದು ಕೇಳಿದೆ. ಗುಮಾಸ್ತರು ಎರಡೂ ಕೈಗಳಿಂದ ಪರದೆಯನ್ನು ಅಪ್ಪಿಕೊಂಡರು. "ಮುಟ್ಟಬೇಡಿ, ವಾರಂಟಿ ಹೋಗುತ್ತದೆ."

ಸಂಜೆ ಬಸ್ ನಿಲ್ದಾಣದಲ್ಲಿ ಅಜ್ಜಿ ಮತ್ತೆ ಸಿಕ್ಕರು. ಬಸ್ಸು ಬಂದಾಗ ಹೇಳಲೇ ಎಂದರೆ ಬೇಡವೆಂದರು. ಹಣೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಪಾವಗಡ ಎಂದು ಬರೆಸಿಕೊಂಡಿದ್ದ ಬಸ್ಸು ಅಷ್ಟು ದೂರದಲ್ಲಿ ತಿರುಗುತ್ತಿದ್ದಂತೆಯೇ ಚೀಲ ಎತ್ತಿಕೊಂಡು ಹೊರಟಿದ್ದರು.