ನೆಕ್ಸ್ಟ್ ಸ್ಲೈಡ್ ಪ್ಲೀಸ್

ಮೊನ್ನೆ ಅಟ್ಟ ಗುಡಿಸುವಾಗ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವೊಂದು ಕೈಗೆ ಬಂತು. ಅಲ್ಲಾಡಿಸಿದರೆ ಗಲಗಲ ಸದ್ದು. ಹಳೇ ನಾಣ್ಯ ಇರಬಹುದೆಂಬ ಆಸೆಯಿಂದ ಮಗಳು ಮುಚ್ಚಳ ಕಿತ್ತಳು. ಒಳಗಿದ್ದದ್ದು ನನ್ನ ಎಂ.ಡಿ. ಕಾಲದ ಸ್ಲೈಡುಗಳು. 2 ಇಂಚು ಉದ್ದ, 2 ಇಂಚು ಅಗಲದ ಚೌಕಟ್ಟು, ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಫಿಲ್ಮು. ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ಮಲೆನಾಡಿನ ಮಳೆಗಾಲ ಚಪ್ಪಲಿಯನ್ನೂ ಬಿಡುವುದಿಲ್ಲ, ಥೀಸಿಸ್ಸನ್ನೂ ಬಿಡುವುದಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮಗಳು, "ಅಪ್ಪಾ, ಇದರಲ್ಲಿ ಇರೋದೇ ನಾಲ್ಕು ಸಾಲು. ಇಷ್ಟಕ್ಕೆ ಒಂದು ಸ್ಲೈಡಾ?" ಎಂದಳು. ಅವಳೂ ಈಗ ಪಿ.ಜಿ. ಓದುತ್ತಿದ್ದಾಳೆ. ಹಿಂದಿನ ರಾತ್ರಿಯಷ್ಟೇ ಹತ್ತು ನಿಮಿಷದ ಸೆಮಿನಾರಿಗೆ 62 ಸ್ಲೈಡು ಮಾಡಿಟ್ಟು ಮಲಗಿದ್ದವಳು.

ನಾಲ್ಕೇ ಸಾಲು ಯಾಕೆಂದರೆ ದುಡ್ಡು. ಆಗ ಸ್ಲೈಡು ಮಾಡಿಸುವುದೆಂದರೆ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ. ಬರೆದದ್ದನ್ನು ಟೈಪ್ ಮಾಡಿಸಬೇಕು, ಹಾಳೆ ಹಿಡಿದು ಸ್ಟುಡಿಯೋಗೆ ಹೋಗಬೇಕು, ಅವನು ಅದನ್ನು ಫೋಟೋ ತೆಗೆದು, ತೊಳೆದು, ಚೌಕಟ್ಟಿಗೆ ಕೂರಿಸಿ ಕೊಡುವ ಹೊತ್ತಿಗೆ ಮೂರು ದಿನ. ಒಂದು ಕಾಗುಣಿತ ತಪ್ಪಿದರೆ ಇನ್ನೊಮ್ಮೆ ದುಡ್ಡು, ಇನ್ನೊಮ್ಮೆ ಮೂರು ದಿನ. ಸ್ಟೈಪೆಂಡಿನಲ್ಲಿ ಬದುಕುವವನು ಬೇಡದ ಪದ ಬರೆಯುವುದಿಲ್ಲ. ಟೆಲಿಗ್ರಾಂ ಕೊಟ್ಟು ಗೊತ್ತಿರುವವರಿಗೆ ಈ ಸಂಯಮ ಅರ್ಥವಾದೀತು.

ಆ ಸ್ಲೈಡುಗಳಲ್ಲಿ ಹೆಚ್ಚಿನವು ನೀಲಿ. ನೀಲಿಯ ಮೇಲೆ ಬಿಳಿ ಅಕ್ಷರ. ಅದು ಯಾರ ಅಭಿರುಚಿಯೂ ಅಲ್ಲ, ಡಯಾಜೋ ಎಂಬ ಫಿಲ್ಮಿನ ಗುಣ. ಕಡಿಮೆ ಖರ್ಚಿನಲ್ಲಿ ಅಕ್ಷರದ ಸ್ಲೈಡು ಬೇಕೆಂದರೆ ಸಿಗುತ್ತಿದ್ದದ್ದು ಆ ಬಣ್ಣ. ಮುಂದೆ ಕಂಪ್ಯೂಟರ್ ಬಂದು 1.67 ಕೋಟಿ ಬಣ್ಣಗಳನ್ನು ಎದುರಿಗೆ ಹರವಿತು. ನಮ್ಮ ಪ್ರೊಫೆಸರುಗಳು ಅಷ್ಟರಲ್ಲೂ ಹುಡುಕಿ ಹುಡುಕಿ ಅದೇ ನೀಲಿಯನ್ನೇ ಆರಿಸಿಕೊಂಡರು. ಅಕ್ಷರವನ್ನು ಹಳದಿ ಮಾಡಿದ್ದೊಂದೇ ಕ್ರಾಂತಿ. ಇವತ್ತಿಗೂ ಯಾವ ಊರಿನ ಕಾನ್ಫರೆನ್ಸಿಗೆ ಹೋದರೂ ಒಬ್ಬರಾದರೂ ಹಿರಿಯರು ನೀಲಿ ಪರದೆ ಹಾಸಿಕೊಂಡು ನಿಂತಿರುತ್ತಾರೆ. ತೀರಿಹೋದ ಫಿಲ್ಮಿಗೆ ಮಾಡುವ ವಾರ್ಷಿಕ ತಿಥಿ ಅದು.

ನಮ್ಮ ವಿಭಾಗದ ಪ್ರೊಜೆಕ್ಟರು ಕೊಡಕ್ ಕಂಪನಿಯ ಕೆರೋಸೆಲ್. ತಲೆಯ ಮೇಲೊಂದು ಗುಂಡಗಿನ ತಟ್ಟೆ, ಅದರ ಸುತ್ತ 80 ಸ್ಲೈಡಿಗೆ ಜಾಗ. ಗುಂಡಿ ಒತ್ತಿದರೆ ತಟ್ಟೆ ಒಂದು ಮನೆ ತಿರುಗಿ, 'ಕಟಕ್' ಎಂದು ಒಂದು ಸ್ಲೈಡು ಕೆಳಗಿಳಿಯುತ್ತಿತ್ತು. 2004ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಆ ಯಂತ್ರದ ಒಡೆಯರು ಪ್ರೊಫೆಸರಲ್ಲ, ಅಟೆಂಡರು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಹದಿನೈದು ವರ್ಷ ಅದೇ ಅದೇ ಪಾಠಗಳನ್ನು ಕತ್ತಲಲ್ಲಿ ಕೂತು ಕೇಳಿದ್ದ ಅವರಿಗೆ ಯಾವ ಮಾತಾದ ಮೇಲೆ ಯಾವ ಚಿತ್ರ ಎಂಬುದು ಬಾಯಿಪಾಠ. ಪ್ರೊಫೆಸರು "ನೆಕ್ಸ್ಟ್..." ಎನ್ನುವಷ್ಟರಲ್ಲಿ 'ಕಟಕ್' ಆಗಿರುತ್ತಿತ್ತು. ನಾನು ಹೊಸದೇನಾದರೂ ತಂದರೆ ದೀಪಕ್ಕೆ ಹಿಡಿದು ನೋಡಿ, "ಡಾಕ್ಟ್ರೇ, ಇದೂ ಹೋದ ಬ್ಯಾಚಿನವರದ್ದೇ ಅಲ್ವಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಹೌದಾಗಿರುತ್ತಿತ್ತು.

ಒಂದು ಸ್ಲೈಡನ್ನು ತಟ್ಟೆಯಲ್ಲಿ ಎಂಟು ರೀತಿ ಇಡಬಹುದು, ಸರಿಯಾದದ್ದು ಒಂದೇ. ಅದಕ್ಕೆಂದೇ ಕೈಯಲ್ಲಿ ಹಿಡಿದು ನೋಡಿದಾಗ ಎಡಗಡೆ ಕೆಳಮೂಲೆಗೆ ಬರುವ ಹಾಗೆ ಒಂದು ಕೆಂಪು ಚುಕ್ಕೆ ಇಡುವುದು. ತಲೆಕೆಳಗು ಮಾಡಿ ತಟ್ಟೆಗಿಳಿಸುವಾಗ ಆ ಚುಕ್ಕೆ ಬಲಗಡೆ ಮೇಲೆ, ಹೆಬ್ಬೆರಳಿನ ಅಡಿಗೆ ಬರಬೇಕು. ಒಮ್ಮೆ ಅವಸರದಲ್ಲಿ ನಾನೇ ತುಂಬಿಸಿದೆ. ಎದೆಯ ಎಕ್ಸ್‌ರೇ ಪರದೆಗೆ ಬಂತು. ಮುಂದಿನ ಸಾಲಿನ ಹಿರಿಯರು ಕನ್ನಡಕ ಸರಿಪಡಿಸಿಕೊಂಡು, "ಹಾರ್ಟು ಬಲಗಡೆ ಇದೆಯಲ್ಲಪ್ಪಾ" ಎಂದರು. ನಿಜಕ್ಕೂ ಕೆಲವರಿಗೆ ಹುಟ್ಟಿನಿಂದಲೇ ಹೃದಯ ಬಲಗಡೆ ಇರುತ್ತದೆ, ಡೆಕ್ಸ್‌ಟ್ರೋಕಾರ್ಡಿಯಾ ಎನ್ನುತ್ತೇವೆ. ಸ್ಲೈಡು ಮಗುಚಿದೆ ಎಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಬರುವುದರೊಳಗೆ ಅವರು ಎದ್ದು ನಿಂತು ಅದರ ಮೇಲೆ ಐದು ನಿಮಿಷ ಪಾಠ ಮಾಡಿಬಿಟ್ಟರು. ಒಳ್ಳೆಯ ಪಾಠ. ರೋಗಿ ಮಾತ್ರ ಮೂರನೇ ವಾರ್ಡಿನಲ್ಲಿ ಎಡಗಡೆಯ ಹೃದಯ ಇಟ್ಟುಕೊಂಡು ನಿಶ್ಚಿಂತೆಯಿಂದ ಮಲಗಿದ್ದ.

1987ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಎರಡು ಜನನಗಳಾದವು. ಒಂದು ಪವರ್‌ಪಾಯಿಂಟ್, ಮ್ಯಾಕಿಂತೋಷ್ ಕಂಪ್ಯೂಟರಿಗೆಂದು, ಬರೀ ಕಪ್ಪು-ಬಿಳುಪಿನಲ್ಲಿ. ಇನ್ನೊಂದು ಐಬಿಎಂ ಕಂಪ್ಯೂಟರುಗಳ ಜೊತೆ ಬಂದ ವಿಜಿಎ, ಅಂದರೆ ಕಂಪ್ಯೂಟರಿನ ಚಿತ್ರವನ್ನು ಪ್ರೊಜೆಕ್ಟರಿಗೆ ಮುಟ್ಟಿಸುವ, 15 ಸೂಜಿಗಳ ಆ ನೀಲಿ ಮೂತಿಯ ಕೇಬಲ್ಲಿನ ಮೂಲಪುರುಷ. ಒಂದೇ ತಿಂಗಳಲ್ಲಿ ಹುಟ್ಟಿದ ಈ ಇಬ್ಬರ ಜಾತಕ ಎಷ್ಟು ಕೂಡಿಬಂತೆಂದರೆ ಮುಂದೆ ಕಾಲು ಶತಮಾನ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಲ್ಲ. ನಮ್ಮ ಆಸ್ಪತ್ರೆಯ ಸಭಾಂಗಣಕ್ಕೆ ಅವರು ಬರುವಾಗ 2000 ದಾಟಿತ್ತು. ಬಂದ ಹೊಸತರಲ್ಲಿ ಅಕ್ಷರಗಳು ಒಂದೊಂದಾಗಿ ಪರದೆಯ ಬಲಗಡೆಯಿಂದ ಹಾರಿಬಂದು, ಟೈಪ್‌ರೈಟರ್ ಸದ್ದು ಮಾಡುತ್ತ ಕೂರುತ್ತಿದ್ದವು. 'ನಿಮೋನಿಯಾ' ಎಂಬ ಪದ ಪೂರ್ತಿ ಬಂದು ಕೂರುವಷ್ಟರಲ್ಲಿ ರೋಗ ಒಂದು ಹಂತ ಮುಂದುವರಿದಿರುತ್ತಿತ್ತು.

ಅದೆಲ್ಲ ಹೋಗಲಿ. ನಿಜವಾದ ಅನಾಹುತ ಸ್ಲೈಡು ಬಿಟ್ಟಿ ಸಿಗಲು ಶುರುವಾದದ್ದು. ಒಂದು ಗುಂಡಿ ಒತ್ತಿದರೆ ಇನ್ನೊಂದು ಸ್ಲೈಡು, ಪಠ್ಯಪುಸ್ತಕದ ಪುಟವನ್ನು ಹಾಗೇ ಎತ್ತಿ ಅಂಟಿಸಿದರೆ ಮತ್ತೊಂದು. ನೆಂಟರ ಮನೆಯ ಊಟದಲ್ಲಿ ಬಡಿಸಿದ್ದನ್ನೆಲ್ಲ ಹಾಕಿಸಿಕೊಳ್ಳುವ ಹುಡುಗನ ಹಾಗೆ ನಾವು ತುಂಬಿಸಿಕೊಳ್ಳುತ್ತ ಹೋದೆವು. ಆಗ ಹುಟ್ಟಿದ್ದೇ ವೈದ್ಯಲೋಕದ ಆ ಪ್ರಸಿದ್ಧ ವಾಕ್ಯ: "ಸಾರಿ, ಇದು ಸ್ವಲ್ಪ ಬ್ಯುಸಿ ಸ್ಲೈಡ್." ಹದಿನಾಲ್ಕು ಕಂಬ, ಇಪ್ಪತ್ತು ಸಾಲಿನ ಕೋಷ್ಟಕ, ಹಿಂದಿನ ಸಾಲಿನವರಿಗೆ ಇರುವೆ ಸಾಲು ಹೊರಟಂತೆ ಕಾಣುತ್ತದೆ. ಓದಲು ಬರುವುದಿಲ್ಲವೆಂದು ಮೊದಲೇ ಗೊತ್ತಿದ್ದು, ಮನೆಯಿಂದ ಕಟ್ಟಿಕೊಂಡು ಬಂದು, ಎದುರಿಗೆ ಇಟ್ಟು ಕ್ಷಮೆ ಕೇಳುವುದು! ಹಳಸಿದ ಸಾರು ಬಡಿಸಿ 'ಸ್ವಲ್ಪ ಹಳಸಿದೆ, ಬೇಜಾರು ಮಾಡ್ಕೋಬೇಡಿ' ಎಂದ ಹಾಗೆ. ಅಧ್ಯಕ್ಷರು ಗಂಟೆ ಒತ್ತಿದ ಮೇಲಂತೂ ಉಳಿದ ಇಪ್ಪತ್ತೈದು ಸ್ಲೈಡುಗಳು ಎಕ್ಸ್‌ಪ್ರೆಸ್ ಗಾಡಿಯ ಕಿಟಕಿಯಲ್ಲಿ ಬಾಣಾವರದ ಬೋರ್ಡು ಕಂಡ ಹಾಗೆ ಸರಿದು ಹೋಗುತ್ತವೆ. ಕೊನೆಗೆ ಸೂರ್ಯಾಸ್ತವೋ ಜೋಗದ ಜಲಪಾತವೋ ನಗುವ ಮಗುವೋ ಬಂದು, ಅದರ ಮೇಲೆ 'ಥ್ಯಾಂಕ್ ಯೂ' ಎಂದಿರುತ್ತದೆ. ಮಧುಮೇಹದ ಮೂತ್ರಪಿಂಡಕ್ಕೂ ಜೋಗಕ್ಕೂ ಏನು ಸಂಬಂಧವೆಂದು ಯಾರೂ ಕೇಳುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. "ಎನಿ ಕ್ವೆಶ್ಚನ್ಸ್?" ಎಂದಾಗ ಸಭೆ ಗೋಡೆ ಗಡಿಯಾರ ನೋಡುತ್ತದೆ, ಯಾಕೆಂದರೆ ಆಚೆ ಕಡೆಯಿಂದ ಬಿಸಿಬೇಳೆಬಾತಿನ ವಾಸನೆ ಬಂದಿರುತ್ತದೆ.

ಆ ವಿಜಿಎ ಕೇಬಲ್ಲಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅದರಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಸೂಜಿ. ಯಾರೋ ಬಲವಂತವಾಗಿ ತುರುಕಿ ನೀಲಿಯ ಸೂಜಿ ಬಗ್ಗಿತೆನ್ನಿ, ಬಿಳಿಯೆಲ್ಲ ಹಳದಿಯಾಗುತ್ತದೆ. ಒಂದು ಕಡೆ ನಾನು ಚರ್ಮರೋಗದ ಚಿತ್ರಗಳನ್ನು ತೋರಿಸುತ್ತಿದ್ದೆ. ಪರದೆಯ ಮೇಲಿನ ಅಷ್ಟೂ ಜನಕ್ಕೆ ಕಾಮಾಲೆ. ಮೊದಲ ಸ್ಲೈಡಿನಲ್ಲಿದ್ದ ನನ್ನ ಫೋಟೋಗೂ ಬಿಟ್ಟಿರಲಿಲ್ಲ. ಪೆನ್‌ಡ್ರೈವಿನ ಕಥೆ ಬೇರೆಯೇ. ಕೈ ತೊಳೆದುಕೊಂಡು ಹೆರಿಗೆ ಮಾಡಿಸಿ ಎಂದು ವಿಯೆನ್ನಾದಲ್ಲಿ ಸೆಮ್ಮಲ್‌ವೈಸ್ ಎಂಬ ವೈದ್ಯ ಬೇಡಿಕೊಂಡದ್ದು 1847ರಲ್ಲಿ. ಅದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದ ನಾವು ಅದೇ ಪೆನ್‌ಡ್ರೈವನ್ನು ಪ್ರಿವ್ಯೂ ರೂಮಿನ ಕಂಪ್ಯೂಟರಿಗೆ, ಅಲ್ಲಿಂದ ವಿಭಾಗದ ಕಂಪ್ಯೂಟರಿಗೆ, ಅಲ್ಲಿಂದ ಮಕ್ಕಳ ಲ್ಯಾಪ್‌ಟಾಪಿಗೆ ಚುಚ್ಚುತ್ತ ವೈರಸ್ಸನ್ನು ಮನೆಮನೆಗೆ ಮುಟ್ಟಿಸಿದೆವು.

ಕರೆಂಟು ಹೋದಾಗ ಭಾಷಣಕಾರ ಸ್ಲೈಡಿನ ಹಂಗಿಲ್ಲದೆ ಅದ್ಭುತವಾಗಿ ಮಾತಾಡಿದ ಎಂಬ ಕಥೆಗಳನ್ನು ನಾನೂ ಕೇಳಿದ್ದೇನೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಒಂದು ತಾಲ್ಲೂಕು ಕೇಂದ್ರದಲ್ಲಿ ಆರನೇ ಸ್ಲೈಡಿಗೆ ಕರೆಂಟು ಹೋಯಿತು. "ನೀವು ಹಾಗೇ ಮುಂದುವರಿಸಿ ಸಾರ್" ಎಂದರು. ಏಳನೇ ಸ್ಲೈಡಿನಲ್ಲಿ ಏನಿದೆಯೆಂದು ನನಗೆ ನೆನಪೇ ಆಗಲಿಲ್ಲ. ನಾನು ಬರೆದದ್ದು, ಇಪ್ಪತ್ತು ವರ್ಷದಿಂದ ದಿನಾ ನೋಡುವ ಕಾಯಿಲೆ. ಆದರೂ ನಾಲಿಗೆ ಹೊರಳಲಿಲ್ಲ. ಬೆವರು ಒರೆಸಿಕೊಂಡು, "ಟೀ ಕುಡಿದುಬಿಡೋಣ" ಎಂದೆ. ಅವತ್ತಿನ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಆ ಒಂದು ವಾಕ್ಯಕ್ಕೆ.

ಅದಾದ ಎರಡನೇ ವರ್ಷ ಇರಬೇಕು, ಆಶಾ ಕಾರ್ಯಕರ್ತೆಯರಿಗೆ ಮಂಗನ ಕಾಯಿಲೆಯ ಬಗ್ಗೆ ಹೇಳಲು ಕರೆದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಗೆ ಸಿಕ್ಕಿದ ಕಾಯಿಲೆ. ಆ ಕಾಡಿನ ಹೆಸರೇ ಈಗ ಪ್ರಪಂಚದ ವೈದ್ಯಪುಸ್ತಕಗಳಲ್ಲಿದೆ. ಕನ್ನಡದಲ್ಲೇ ಮಾಡಬೇಕೆಂದು ರಾತ್ರಿಯೆಲ್ಲ ಕೂತು ಕನ್ನಡದ ಸ್ಲೈಡು ಮಾಡಿದೆ, ಯೂನಿಕೋಡ್ ಅಲ್ಲದ ಯಾವುದೋ ಹಳೆಯ ಫಾಂಟಿನಲ್ಲಿ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ. ಕಾಯಿಲೆ ಹರಡುವ ಹುಳ 'ಉಣುಗು' ಎಂದಿರಬೇಕಾದಲ್ಲಿ ತಲೆಯ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು, ಪ್ರಶ್ನಾರ್ಥಕ ಚಿಹ್ನೆ. ಸಭೆ ಒಂದು ಗಳಿಗೆ ಗಂಭೀರವಾಗಿ ಓದಲು ನೋಡಿತು. ಆಮೇಲೆ ಮುಂದಿನ ಸಾಲಿನ ಹೆಂಗಸೊಬ್ಬರು, "ಡಾಕ್ಟ್ರೇ, ನಿಮ್ಮ ಚೀಟಿ ಅಕ್ಷರವೇ ಇದಕ್ಕಿಂತ ವಾಸಿ ಮಾರಾಯ್ರೆ" ಎಂದರು.

ನಕ್ಕು ಮುಗಿದ ಮೇಲೆ ನಾನು ಚಿತ್ರಗಳನ್ನಷ್ಟೇ ಉಳಿಸಿಕೊಂಡೆ. ಉಣುಗಿನ ಚಿತ್ರ ಬಂದರೆ ಆ ಹೆಂಗಸೇ ಶುರು ಮಾಡಿದರು: ಕಾಡಿನಲ್ಲಿ ದರಗು, ಅಂದರೆ ಒಣಗಿದ ಎಲೆ, ಗುಡಿಸಲು ಹೋಗುವ ಮುಂಚೆ ಕೈಕಾಲಿಗೆ ಇಲಾಖೆ ಕೊಡುವ ಎಣ್ಣೆ ಹಚ್ಚುವುದು, ಬಂದ ಮೇಲೆ ಬಿಸಿನೀರಿನಲ್ಲಿ ಮೀಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಫೋನು ಮಾಡುವುದು. ಎಣ್ಣೆಯ ವಾಸನೆಗೆ ಗಂಡಸರು ಹಚ್ಚಿಕೊಳ್ಳುವುದಿಲ್ಲ ಎಂಬ ದೂರೂ ಬಂತು. ಅದು ನನ್ನ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಒಂದೂವರೆ ಗಂಟೆ ನಡೆದ ಮಾತಿನಲ್ಲಿ ನನ್ನ ಪಾಲು ಇಪ್ಪತ್ತು ನಿಮಿಷ ಇದ್ದೀತು.

ಡಬ್ಬದ ತಳದಲ್ಲಿ ಬೂಷ್ಟು ಹಿಡಿಯದ ಒಂದು ಸ್ಲೈಡಿತ್ತು. ಹತ್ತು ವರ್ಷದ ಹುಡುಗನ ಮುಖ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಪಟ್ಟಿ ಅಂಟಿಸಿದರೆ ಗುರುತು ಸಿಗುವುದಿಲ್ಲವೆಂದು ನಮ್ಮ ಕಾಲದ ನಂಬಿಕೆ. ಬೆಕ್ಕು ತನ್ನ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ನಾವು ರೋಗಿಯ ಕಣ್ಣು ಮುಚ್ಚಿ ಕುಡಿದೆವು. ಕಣ್ಣು ಮರೆಮಾಡಿದರೆ ಸಾಲದು, ಲಿಖಿತ ಒಪ್ಪಿಗೆ ಬೇಕು ಎಂದು ವೈದ್ಯಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಈಗ ಹೇಳುತ್ತದೆ. ಅವನ ಅಪ್ಪನನ್ನು ನಾನು ಕೇಳಿದ್ದೆನೆ? ನೆನಪಿಲ್ಲ. ಹುಡುಗನ ಹೆಸರು, ಮೂಗಿನ ಕೆಳಗಿನ ಮಚ್ಚೆ, ಇಂಜೆಕ್ಷನ್ ಎಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದದ್ದು, ಎಲ್ಲ ನೆನಪಿದೆ. ಆ ಸ್ಲೈಡನ್ನು ಮಗಳ ಕೈಗೆ ಕೊಡದೆ ಜೇಬಿಗೆ ಹಾಕಿಕೊಂಡೆ.

ಈಗ ನಮ್ಮ ಕ್ಲಿನಿಕ್ಕಿಗೆ ರೋಗಿಗಳೇ ಪ್ರೆಸೆಂಟೇಶನ್ ಹಿಡಿದು ಬರುತ್ತಾರೆ. ಹೋದ ಬುಧವಾರ ಗಂಡ ಹೆಂಡತಿ ಬಂದರು, ಅರವತ್ತರ ಆಸುಪಾಸಿನ ಕೃಷಿಕರು. ಗಂಡ ಅಂಗಿ ಬಿಚ್ಚಲು ಹೊರಟರೆ ಹೆಂಡತಿ ತಡೆದು, "ಮೊದಲು ಇದನ್ನ ನೋಡಿ ಡಾಕ್ಟ್ರೇ. ಬೆನ್ನು ಇವ್ರಿಗೆ ಕಾಣೋದಿಲ್ಲಲ್ಲ, ನಾನೇ ತೆಗೆದಿದ್ದು" ಎಂದು ಮೊಬೈಲನ್ನು ನನ್ನೆದುರು ಹಿಡಿದರು. "ಸೋಮವಾರ ಸಂಜೆ" ಎಂದರು: ಬಲಗಡೆ ಬೆನ್ನ ಮೇಲೆ ಅಂಗೈಯಗಲ ಕೆಂಪು, ಅಷ್ಟೆ. ಬೆರಳಿನಿಂದ ಸರಿಸಿ "ಮಂಗಳವಾರ ಬೆಳಗ್ಗೆ" ಎಂದರು: ಕೆಂಪಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ನೀರುಗುಳ್ಳೆ. "ಮಂಗಳವಾರ ರಾತ್ರಿ": ಬೆನ್ನ ತುಂಬ ಕೆಮ್ಮಣ್ಣು. "ಅದು ಇವ್ರ ಅಕ್ಕ ಹಚ್ಚಿದ್ದು" ಎಂದು ತಮ್ಮ ಪಾತ್ರವಿಲ್ಲವೆಂಬುದನ್ನು ಸ್ಪಷ್ಟಪಡಿಸಿದರು. "ಇವತ್ತು, ತೊಳೆದ ಮೇಲೆ": ಗುಳ್ಳೆಗಳ ಪಟ್ಟಿ ಬೆನ್ನಿನ ನಡುಗೆರೆಯಿಂದ ಹೊರಟು ಪಕ್ಕೆಯ ಸುತ್ತ ಎದೆಗೆ ಬಂದು ನಡುವಿಗೇ ನಿಂತಿತ್ತು. ಎಡಗಡೆ ಒಂದೂ ಇಲ್ಲ. ಸರ್ಪಸುತ್ತು.

ನೋವು ಶನಿವಾರದಿಂದಲೇ ಇತ್ತಂತೆ. "ಗ್ಯಾಸು ಅಂದ್ಕೊಂಡು ಜೀರಿಗೆ ಕಷಾಯ ಕುಡಿಸಿದೆ." ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು, ಸಾಮಾನ್ಯವಾಗಿ ರೋಗಿಗಳು 'ಒಂದು ನಾಲ್ಕೈದು ದಿನ ಆಗಿರಬೇಕು' ಎನ್ನುತ್ತಾರೆ, ಲೆಕ್ಕ ಸಿಗುವುದಿಲ್ಲ. ಇಲ್ಲಿ ಫೋಟೋದ ಜೊತೆ ಗಂಟೆ, ನಿಮಿಷ ಎಲ್ಲ ಇತ್ತು. ನಾಲ್ಕು ಚಿತ್ರ, ಒಂದೂವರೆ ನಿಮಿಷ. ಚೀಟಿ ಬರೆಯಲು ಪೆನ್ನು ತೆಗೆದೆ.

ಅಷ್ಟರಲ್ಲಿ ಅವರ ಬೆರಳು ಇನ್ನೊಂದು ಸಲ ಸರಿಯಿತು. ಪರದೆಯ ಮೇಲೆ ಇನ್ನೂ ಮೈ ಒಣಗದ ಎಮ್ಮೆಕರುವೊಂದು ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಊರಿ ನಿಂತು ನನ್ನನ್ನೇ ನೋಡುತ್ತಿತ್ತು.

"ಅಯ್ಯೋ, ಇದು ಅದಲ್ಲ. ಇವತ್ತು ಬೆಳಗಿನ ಜಾವ ಹಾಕಿದ್ದು. ಅದಕ್ಕೇ ನಾವು ಬರೋದು ತಡ ಆಯ್ತು" ಎಂದು ಹೆಂಡತಿ ಮೊಬೈಲನ್ನು ಸೆರಗಿಗೆ ಒರೆಸಿಕೊಂಡರು.

"ಹೆಣ್ಣೋ ಗಂಡೋ?" ಎಂದು ಕೇಳಿದೆ.