ಮುನ್ಯೋಸ್ ಯಾಕೆ ಕೂತಿದ್ದರು, ಯಾರಾದರೂ ಹೇಳಿ

ಮಗನದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವನಿನ್ನೂ ಚಿಕ್ಕವನು. ಆದರೆ ಅಷ್ಟು ಜನರ ಮುಂದೆ ಅಂದುಬಿಟ್ಟನಲ್ಲ, ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ಮನೆಗೆ ಬಂದು ಶೂ ಬಿಚ್ಚಿದವನೇ ಬರೆಯಲು ಕೂತೆ. "ಇನ್ನೂ ಆ ಬೇಸ್‌ಬಾಲ್ ಮ್ಯಾಚೇನಾ?" ಅಂತ ಹೆಂಡತಿ ಒಳಗಿನಿಂದ ಕೇಳುತ್ತಿದ್ದಾಳೆ. ಹೌದು, ಇನ್ನೂ ಅದೇ.

ಎಲ್ಲದಕ್ಕೂ ಮೂಲ ಆ ಏಳನೇ ಇನಿಂಗ್ಸ್. 2025ರ ಅಕ್ಟೋಬರ್ 20, ಟೊರಾಂಟೊ ತಂಡದ ವಿರುದ್ಧ ಅವರದೇ ಊರಲ್ಲಿ, ಸೆಮಿಫೈನಲ್ ಅನ್ನಬಹುದಾದ ಸರಣಿಯ ಏಳನೇ, ಕೊನೇ ಪಂದ್ಯ. ನಮ್ಮ ಹೂಲಿಯೊ ರೊಡ್ರಿಗಸ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದಾಗಿತ್ತು. ಕ್ಯಾಲ್ ರಾಲಿಯೂ ಹೊಡೆದಾಗಿತ್ತು. ನಾವು 3-1 ಮುಂದೆ. ಇನ್ನು ಎಂಟು ಔಟ್, ಬರೀ ಎಂಟು. ಅಷ್ಟು ತೆಗೆದಿದ್ದರೆ ಸಿಯಾಟಲ್ ಮ್ಯಾರಿನರ್ಸ್ ಮೊದಲ ಸಲ ವರ್ಲ್ಡ್ ಸೀರೀಸ್, ಅಂದರೆ ಫೈನಲ್, ಆಡುತ್ತಿತ್ತು. ಎರಡನೇ ಬೇಸ್‌ನಲ್ಲಿ ಒಬ್ಬ, ಮೂರನೇ ಬೇಸ್‌ನಲ್ಲಿ ಒಬ್ಬ, ಬ್ಯಾಟ್ ಹಿಡಿದು ಅವರ ಜಾರ್ಜ್ ಸ್ಪ್ರಿಂಗರ್. ನಮ್ಮ ಮ್ಯಾನೇಜರ್ ಬೌಲರ್ ಬ್ರಯಾನ್ ವೂ ಅವರನ್ನು ತೆಗೆದರು. ಸರಿ, ತೆಗೆಯಲಿ. ಆಮೇಲೆ ಕರೆದದ್ದು ಎಡ್ವರ್ಡ್ ಬಜಾರ್ಡೊ ಅವರನ್ನು. ನಮ್ಮ ಅತ್ಯುತ್ತಮ ಬೌಲರ್ ಆಂಡ್ರೆಸ್ ಮುನ್ಯೋಸ್ ಬುಲ್‌ಪೆನ್‌ನಲ್ಲೇ, ಬದಲಿ ಬೌಲರ್‌ಗಳು ಕಾಯುವ ಜಾಗದಲ್ಲೇ, ಉಳಿದರು. ಹಬ್ಬಕ್ಕೆ ಅಂತ ತೆಗೆದಿಟ್ಟ ತುಪ್ಪ ಹಬ್ಬದ ದಿನವೂ ಡಬ್ಬಿಯಲ್ಲೇ ಉಳಿದ ಹಾಗೆ. ಸ್ಪ್ರಿಂಗರ್ ಎತ್ತಿ ಹೊಡೆದರು. ಮೂರು ರನ್. 4-3. ಮುಗಿಯಿತು.

ಬಜಾರ್ಡೊ ಮೇಲೆ ನನಗೆ ಕೋಪ ಇಲ್ಲ. ವರ್ಷವಿಡೀ ಚೆನ್ನಾಗಿ ಎಸೆದ ಮನುಷ್ಯ ಅವರು. ಕೋಪ ಇರುವುದು ಕರೆದವರ ಮೇಲೆ.

ಇವತ್ತು, 2026ರ ಸಂಕ್ರಾಂತಿ ದಿನ, ಆಗಿದ್ದು ಇಷ್ಟು. ಸ್ನೇಹಿತರ ಮನೆಯಲ್ಲಿ ಸಂಕ್ರಾಂತಿ ಊಟ. ಈ ಕಡೆಯ ಕನ್ನಡದವರು ಸುಮಾರು ಜನ ಸೇರಿದ್ದೆವು. ನಾನು ಮ್ಯಾರಿನರ್ಸ್ ಟೋಪಿ ಹಾಕಿಕೊಂಡಿದ್ದೆ, ಯಾವಾಗಲೂ ಹಾಕಿಕೊಳ್ಳುತ್ತೇನೆ. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತಾರೆ ನಮ್ಮಲ್ಲಿ. ಅದನ್ನು ಬಾಯಲ್ಲಿ ಇಟ್ಟುಕೊಂಡೇ ಅಲ್ಲಿದ್ದ ಒಬ್ಬ ಮನುಷ್ಯ ಕೇಳಿದ. "ಏನ್ ಸಾರ್, ಆರ್‌ಸಿಬಿನೇ ಗೆದ್ದಾಯ್ತು. ನಿಮ್ಮ ಟೀಮ್ ಇನ್ನೂ ಫೈನಲ್‌ಗೇ ಹೋಗಿಲ್ವಂತೆ? ನಲವತ್ತೆಂಟು ವರ್ಷ ಆಯ್ತಂತೆ?"

ನಾನೂ ಆರ್‌ಸಿಬಿಯವನೇ. 2009, 2011, 2016, ಮೂರೂ ಫೈನಲ್ ಸೋಲನ್ನು ಉಂಡವನು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗೆದ್ದಾಗ ಇಲ್ಲಿ ಕೂತು ಅತ್ತವನು. ಮರುದಿನ ಚಿನ್ನಸ್ವಾಮಿ ಹೊರಗೆ ಆದದ್ದನ್ನು ನೆನೆದರೆ ಆ ಸಂತೋಷವೂ ಪೂರ್ತಿಯಾಗಿ ಉಳಿದಿಲ್ಲ, ಅದು ಬೇರೆ ಮಾತು. ಆದರೆ ಆರ್‌ಸಿಬಿ ಹೆಸರು ಹಿಡಿದು ನನಗೆ ಪಾಠ ಹೇಳೋಕೆ ಅವನು ಯಾರು?

ಸುಮ್ನೆ ಇರಬೇಕಿತ್ತು. ಇರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದೆ. 2001ರಲ್ಲಿ ನಾವು 116 ಪಂದ್ಯ ಗೆದ್ದಿದ್ದೇವೆ, ಇಡೀ ಚರಿತ್ರೆಯಲ್ಲಿ ಅದಕ್ಕಿಂತ ಜಾಸ್ತಿ ಯಾವ ತಂಡವೂ ಗೆದ್ದಿಲ್ಲ ಅಂದೆ. "ಆಮೇಲೆ?" ಅಂದ. ಆಮೇಲೆ ಯಾಂಕೀಸ್‌ಗೆ ಸೋತೆವು. ನಮ್ಮ ಹಳೇ ದಿಗ್ಗಜರ ಹೆಸರು ಹೇಳಿದೆ, ಗ್ರಿಫಿ ಅಂದೆ, ಇಚಿರೊ ಅಂದೆ. ಕ್ಯಾಲ್ ರಾಲಿ ಕಳೆದ ವರ್ಷ 60 ಹೋಮ್ ರನ್ ಹೊಡೆದರು ಅಂದೆ. ಕ್ಯಾಚರ್ ಒಬ್ಬರು 60! ಅದಕ್ಕೆ ಮುಂಚೆ ಕ್ಯಾಚರ್‌ಗಳ ದಾಖಲೆ 48 ಇತ್ತು. ಪ್ರತಿ ಇನಿಂಗ್ಸ್ ಕುಕ್ಕರುಗಾಲಲ್ಲಿ ಕೂತು ನೂರು ಮೈಲಿ ವೇಗದ ಚೆಂಡು ಹಿಡಿಯುವವರು ಅವರು ಅಂತ ಹೇಳಿದೆ. ನನ್ನ ದನಿ ಏರಿದ್ದು ನನಗೇ ಗೊತ್ತಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಹರಟುತ್ತಿದ್ದವರೂ ಸುಮ್ಮನಾದರು. ಮನೆಯಾಕೆ ಬಂದು "ಇನ್ನೊಂಚೂರು ಪೊಂಗಲ್ ಹಾಕ್ಲಾ?" ಅಂದರು. ಯಾಕೆ ಕೇಳಿದರು ಅಂತ ಅರ್ಥವಾಗದಷ್ಟು ದಡ್ಡ ನಾನಲ್ಲ.

ಆ ಮನುಷ್ಯ ಆಗ ನನ್ನನ್ನು ಬಿಟ್ಟು ಮಗನ ಕಡೆ ತಿರುಗಿದ. "ನೀನು ಹೇಳು ಪುಟ್ಟಾ, ಈ ವರ್ಷ ಯಾರು ಗೆಲ್ತಾರೆ?" ಮಗ ನನ್ನ ಮುಖ ನೋಡಿದ. ಒಂದು ಕ್ಷಣ ನೋಡಿದ. "ನಾನೀಗ ಡಾಡ್ಜರ್ಸ್, ಅಂಕಲ್" ಅಂದ. ನಮ್ಮದಲ್ಲ, ಬೇರೆ ತಂಡ.

ಎಲ್ಲರೂ ನಕ್ಕರು. ಜೋರಾಗಿ, ಮನಸ್ಸು ಬಿಚ್ಚಿ ನಕ್ಕರು. ಹೆಂಡತಿಯೂ ನಕ್ಕಳು. ನಾನು ತಟ್ಟೆ ಕೆಳಗಿಟ್ಟು ಕೈ ತೊಳೆಯಲು ಹೋದೆ. ಬಚ್ಚಲಲ್ಲಿ ನಿಂತಾಗಲೂ ಆ ನಗು ಕೇಳುತ್ತಿತ್ತು.

ಇದೇ ಮಗ ಅಕ್ಟೋಬರ್‌ನಲ್ಲಿ ಐದನೇ ಪಂದ್ಯದ ದಿನ ನನ್ನ ಜೊತೆ ಸ್ಟೇಡಿಯಮ್‌ನಲ್ಲಿದ್ದ. ಎಂಟನೇ ಇನಿಂಗ್ಸ್‌ನಲ್ಲಿ ನಮ್ಮ ಸುವಾರೆಜ್ ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್, ಹೊಡೆದಾಗ ನನ್ನ ಕುತ್ತಿಗೆಗೆ ಜೋತುಬಿದ್ದಿದ್ದ. ಏಳನೇ ಪಂದ್ಯದ ರಾತ್ರಿ ದಿಂಬಿಗೆ ಮುಖ ಒತ್ತಿ ಮಲಗಿದ್ದ. ಶಾಲೆಯಲ್ಲಿ ಎಲ್ಲರೂ ಡಾಡ್ಜರ್ಸ್‌ನ ಒಹ್ಟಾನಿ, ಒಹ್ಟಾನಿ ಅಂತಾರೆ. ಆ ತಂಡ 2024, 2025 ಎರಡು ವರ್ಷ ಸತತವಾಗಿ ವರ್ಲ್ಡ್ ಸೀರೀಸ್ ಗೆದ್ದಿದೆ. ಗೆಲ್ಲುವ ಕಡೆ ಹೋದರೆ ತಪ್ಪೇನು? ತಪ್ಪಿಲ್ಲ. ಹೋಗಲಿ ಬಿಡಿ.

ಇಲ್ಲ, ಬಿಡೋಕೆ ಆಗಲ್ಲ. ಈ ಪ್ರಶ್ನೆಗೆ ಉತ್ತರ ಬೇಕು ನನಗೆ. ಮ್ಯಾನೇಜರ್ ಡ್ಯಾನ್ ವಿಲ್ಸನ್ ಹೇಳಲಿ, ಬೇಸ್‌ಬಾಲ್ ಬಲ್ಲ ಬೇರೆ ಯಾರಾದರೂ ಹೇಳಲಿ. ನಾಳೆ ಎಂಬುದೇ ಇಲ್ಲದ ಪಂದ್ಯದಲ್ಲಿ, ಇಡೀ ವರ್ಷದ ಅತಿ ಕಷ್ಟದ ಗಳಿಗೆಯಲ್ಲಿ, ಅತ್ಯುತ್ತಮ ಬೌಲರ್‌ನನ್ನು ಯಾಕೆ ಕೂರಿಸಿದಿರಿ? ಮುಂದಿನ ಇನಿಂಗ್ಸ್‌ಗೆ ಅಂತ ಉಳಿಸಿದಿರಾ? ಆ ಮುಂದಿನ ಇನಿಂಗ್ಸ್ ಹೊತ್ತಿಗೆ ಉಳಿಸಿಕೊಳ್ಳಲು ಏನಿತ್ತು? ಸ್ಪ್ರಿಂಗರ್ ಎದುರು ಬುಮ್ರಾನನ್ನು ಬಿಟ್ಟು ಬೇರೆಯವರಿಗೆ ಬಾಲ್ ಕೊಡುತ್ತೀರಾ? ಕ್ರಿಕೆಟ್ ಭಾಷೆಯಲ್ಲಿ ಕೇಳುತ್ತಿದ್ದೇನೆ, ಯಾರಿಗಾದರೂ ಅರ್ಥವಾಗಲಿ ಅಂತ.

ಇದು ಹಳೇ ಕಥೆ ಅನ್ನಬೇಡಿ. ಇದೇ ಈ ವರ್ಷದ ಕಥೆ. ಫೆಬ್ರವರಿಯಲ್ಲಿ ಅರಿಜೋನಾದ ಪಿಯೋರಿಯಾದಲ್ಲಿ ಅಭ್ಯಾಸ ಶುರು. ಮಾರ್ಚ್ ಕೊನೆಗೆ ಪಂದ್ಯ. ಅದೇ ಮ್ಯಾನೇಜರ್, ಮೇಲೆ ತಂಡ ಕಟ್ಟುವ ಮುಖ್ಯಸ್ಥ ಅದೇ ಜೆರ್ರಿ ಡಿಪೊಟೊ. 2023ರಲ್ಲಿ ಅವರು ಹೇಳಿದ್ದು ನಾನು ಮರೆತಿಲ್ಲ. ಹತ್ತು ವರ್ಷ ಸತತವಾಗಿ ನೂರಕ್ಕೆ 54 ಪಂದ್ಯ ಗೆದ್ದರೆ ಸಾಕು, ಆ ತಂಡ ವರ್ಲ್ಡ್ ಸೀರೀಸ್ ತಲುಪುತ್ತದೆ ಅಂತ ಅವರ ಲೆಕ್ಕ. ಅಷ್ಟೇ ಅಲ್ಲ, ಅಭಿಮಾನಿಗಳಿಗೆ ಉಪಕಾರ ಮಾಡುತ್ತಿದ್ದೇವೆ ಎಂಬ ಅರ್ಥದ ಮಾತೂ ಬಂತು. ಆಮೇಲೆ ಕ್ಷಮೆ ಕೇಳಿದರು. ಕೇಳಿದರೇನು ಬಂತು, ಒಳಗಿನ ಯೋಚನೆ ಬಾಯಿಗೆ ಬಂದಾಗಿತ್ತಲ್ಲ. ನೂರಕ್ಕೆ 54 ಗೆದ್ದರೆ ಯಾರ ಮನೆಯ ಮಗ ತಂಡ ಬಿಟ್ಟು ಹೋಗದೆ ಉಳಿಯುತ್ತಾನೆ?

ನ್ಯಾಯವಾಗಿ ಹೇಳಬೇಕು, ಕಳೆದ ಜುಲೈನಲ್ಲಿ ನೇಯ್ಲರ್‌ನನ್ನೂ ಸುವಾರೆಜ್‌ನನ್ನೂ ತಂದದ್ದು ಇದೇ ಡಿಪೊಟೊ. ನೇಯ್ಲರ್‌ನನ್ನು ಐದು ವರ್ಷಕ್ಕೆ ಉಳಿಸಿಕೊಂಡಿದ್ದಾರೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪೊಲಾಂಕೊ? ಡೆಟ್ರಾಯಿಟ್ ವಿರುದ್ಧ 15 ಇನಿಂಗ್ಸ್ ಎಳೆದ ಆ ರಾತ್ರಿ ಗೆಲ್ಲಿಸಿದ ಪೊಲಾಂಕೊ ಈಗ ನ್ಯೂಯಾರ್ಕ್ ಮೆಟ್ಸ್ ಪಾಲು. ಎರಡನೇ ಬೇಸ್‌ಗೆ ಕೋಲ್ ಯಂಗ್, ಮೂರನೇ ಬೇಸ್‌ಗೆ ಬೆನ್ ವಿಲಿಯಮ್ಸನ್ ಅಂತ ಈ ಜನವರಿಯಲ್ಲಿ ಮಾತು ಕೇಳಿಬರುತ್ತಿದೆ. ಒಳ್ಳೆ ಹುಡುಗರು. ವಿಲಿಯಮ್ಸನ್ ಚೆಂಡು ಹಿಡಿಯುವುದನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಆ ಜಾಗದಲ್ಲಿ ಕಳೆದ ವರ್ಷ 49 ಹೋಮ್ ರನ್ ಹೊಡೆದ ಸುವಾರೆಜ್ ನಿಂತಿದ್ದರು.

ಇನ್ನು ಬೌಲರ್‌ಗಳು. ಕಳೆದ ವರ್ಷ ಕರ್ಬಿ ಭುಜ ಹಿಡಿದುಕೊಂಡೇ ಸೀಸನ್ ಶುರುವಾಯಿತು. ಗಿಲ್ಬರ್ಟ್ ವಾರಗಟ್ಟಲೆ ಹೊರಗಿದ್ದರು. ಮಿಲ್ಲರ್‌ಗೆ ಮೊಣಕೈ. ಕೊನೆಗೆ ವೂ ಕೂಡ ಎದೆಯ ಸ್ನಾಯು ನೋವಿನಿಂದ ಕೂತರು. ಎಲ್ಲರೂ ಗಟ್ಟಿಯಾಗಿದ್ದರೆ ಇಡೀ ಅಮೆರಿಕದಲ್ಲಿ ಇಂಥ ಐವರಿಲ್ಲ ಅಂತ ಪ್ರತಿ ವರ್ಷ ಹೇಳುತ್ತೇವೆ. ಎಲ್ಲರೂ ಗಟ್ಟಿಯಾಗಿರುವುದು ಯಾವ ವರ್ಷ? ರಾಲಿ ಮತ್ತೆ 60 ಹೊಡೆಯುತ್ತಾರೆ ಅಂತ ನಂಬಿ ಕೂತರೆ ಅದು ಅವರಿಗೆ ಮಾಡುವ ಅನ್ಯಾಯ. 40 ಹೊಡೆದರೂ ಜನ ಬೈಯುತ್ತಾರೆ, ಬರೆದಿಟ್ಟುಕೊಳ್ಳಿ.

ಈ ವರ್ಷ ನಾನು ನೋಡುವುದಿಲ್ಲ. ತೀರ್ಮಾನ ಮಾಡಿದ್ದೇನೆ. ಸಂಜೆ ಮಕ್ಕಳ ಜೊತೆ ಕೂರುತ್ತೇನೆ, ನಿದ್ದೆ ಮಾಡುತ್ತೇನೆ. ವರ್ಲ್ಡ್ ಸೀರೀಸ್ ಒಮ್ಮೆಯೂ ಆಡದ ಒಂದೇ ಒಂದು ತಂಡಕ್ಕೆ ಇಷ್ಟು ವರ್ಷ ಕೊಟ್ಟಿದ್ದು ಸಾಕು.

ಹಾಗಂದುಕೊಂಡೇ ಏಪ್ರಿಲ್ ತಿಂಗಳ ವೇಳಾಪಟ್ಟಿ ತೆಗೆದು ನೋಡುತ್ತಿದ್ದೇನೆ. ಏನು ಮಾಡಲಿ? 90 ಪಂದ್ಯ ಗೆದ್ದ ತಂಡ ಇದು. 2001ರ ನಂತರ ಮೊದಲ ಸಲ ತನ್ನ ಗುಂಪು, ವೆಸ್ಟ್ ಡಿವಿಷನ್, ಗೆದ್ದ ತಂಡ. ಒಬ್ಬನೇ ಒಬ್ಬ ಗಟ್ಟಿ ಹೊಡೆತಗಾರ ಬಂದರೆ ಈ ಸಲ ಆಗೇ ಆಗುತ್ತದೆ. ಒಪ್ಪಂದ ಮುಗಿದ ಸುವಾರೆಜ್ 2026ರ ಈ ಸಂಕ್ರಾಂತಿವರೆಗೂ ಯಾರ ಜೊತೆಗೂ ಸಹಿ ಹಾಕಿಲ್ಲ. ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್, ಜಾಸ್ತಿ ಆಗುತ್ತಾರೆ, ವಯಸ್ಸಾಯಿತು, ಎಲ್ಲ ಗೊತ್ತು. ಆದರೂ ಫೋನ್ ಮಾಡಿ ಡಿಪೊಟೊ ಸಾರ್. ದುಡ್ಡಿಲ್ಲ ಅನ್ನಬೇಡಿ, ಅಕ್ಟೋಬರ್‌ನಲ್ಲಿ ಆ ಸ್ಟೇಡಿಯಮ್ ತುಂಬಿದ್ದು ನಮ್ಮ ದುಡ್ಡಿನಿಂದಲೇ. ಇವತ್ತೇ ಮಾಡಿ.