20 ಚೀಲ, 26 ಜನ

ವಿಪತ್ತು ಪರಿಹಾರಕ್ಕೆ ಹೋಗುವ ಸ್ವಯಂಸೇವಕರಿಗೆ ನಾನು ತರಬೇತಿ ಕೊಡುತ್ತೇನೆ. ಮೊದಲ ದಿನ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಸರ್, ಹಗ್ಗದ ಕೆಲಸ ಯಾವಾಗ?" ಹಗ್ಗ, ದೋಣಿ, ಸ್ಟ್ರೆಚರ್. ಫೋಟೋದಲ್ಲಿ ಚೆನ್ನಾಗಿ ಕಾಣುವುದೂ ಅವೇ ಅಲ್ವಾ. "ಪಟ್ಟಿ ಬರೆಯೋದು ಯಾವಾಗ ಹೇಳಿಕೊಡ್ತೀರಿ" ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹಗ್ಗ ಬೇಡ ಅನ್ನುತ್ತಿಲ್ಲ. ಆದರೆ ಅದು ಎರಡು ದಿನದ ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ಅರ್ಧಂಬರ್ಧ ಕಲಿತವನು ನೀರಿಗಿಳಿದರೆ ಮೇಲೆತ್ತಬೇಕಾದವರು ಇಬ್ಬರಾಗುತ್ತಾರೆ. ವಿಪತ್ತು ನಡೆದ ಮೂರನೇ ದಿನ ದೂರದಿಂದ ಬಂದಿಳಿಯುವ ನಮ್ಮಂಥವರಿಗೆ ಉಳಿಯುವುದು ಎಣಿಸುವ, ಹಂಚುವ, ಬರೆದಿಡುವ ಕೆಲಸ. ಕಲಿಸದೆ ಬಿಡುವುದೂ ಅದನ್ನೇ.

ಹಾಗಾಗಿ ನಾನೊಂದು ಆಟ ಆಡಿಸುತ್ತೇನೆ. 26 ಜನ ಸಂತ್ರಸ್ತರು, ಇಬ್ಬರು ಸ್ವಯಂಸೇವಕರು, ಹಂಚಲು ಪರಿಹಾರ ಸಾಮಗ್ರಿ ಅಂತ 20 ಖಾಲಿ ಚೀಲ. ಕೆಲವರ ಕೈಗೆ ಗುಟ್ಟಾಗಿ ಒಂದೊಂದು ಚೀಟಿ ಕೊಟ್ಟಿರುತ್ತೇನೆ. "ನಿಮಗೆ ಕಿವಿ ಕೇಳಿಸುವುದಿಲ್ಲ." "ನೀವು ಎರಡು ಸಲ ಬಂದು ಚೀಲ ಇಸ್ಕೊಳ್ಳಿ." "ಮಲಗಿದ ತಾಯಿಯನ್ನು ಬಿಟ್ಟು ಬರಲು ನಿಮಗಾಗುವುದಿಲ್ಲ."

ಹೋದ ಸಲ ಒಬ್ಬ ಹುಡುಗ ಬೆಂಚಿನ ಮೇಲೆ ಹತ್ತಿ "ಎಲ್ಲರೂ ಲೈನಲ್ಲಿ ನಿಲ್ಲಿ, ಎಲ್ಲರಿಗೂ ಸಿಗುತ್ತೆ!" ಅಂತ ಕೂಗಿದ. ಎಲ್ಲರಿಗೂ ಸಿಗುತ್ತೆ ಅಂತ ಅವನಿಗೆ ಹೇಳಿದವರು ಯಾರು? ಚೀಲ ಎಣಿಸಿರಲಿಲ್ಲ, ಜನರನ್ನೂ ಎಣಿಸಿರಲಿಲ್ಲ. ನಾಲ್ಕು ನಿಮಿಷದಲ್ಲಿ ಚೀಲ ಖಾಲಿ. ತಳ್ಳಾಟದಲ್ಲಿ ಒಬ್ಬರ ಕನ್ನಡಕ ಮುರಿಯಿತು, ಅದು ಮಾತ್ರ ನಿಜವಾಗಿ. ಕಿವಿ ಕೇಳದ ಪಾತ್ರದ ಹುಡುಗಿ ಕೂತಲ್ಲೇ ಕೂತಿದ್ದಳು. ಯಾರೂ ಅವಳ ಹತ್ತಿರ ಹೋಗಲೇ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಆಟ ಅಂತ ಗೊತ್ತಿತ್ತು ಸರ್, ಆದರೂ ಅಳು ಬಂತು."

ಮಾಡಬೇಕಾದದ್ದು ಬಹಳ ಸಪ್ಪೆ ಕೆಲಸ. ಗಾಡಿಯ ಬಾಗಿಲು ತೆಗೆಯುವ ಮೊದಲೇ ಮನೆವಾರು ಪಟ್ಟಿ. ಮನೆಗೊಂದು ಟೋಕನ್. ನಿಲ್ಲಲಾಗದವರಿಗೆ ಅವರಿದ್ದಲ್ಲಿಗೇ ಹೋಗಿ ಕೊಡುವುದು. ಚೀಲ ಕಡಿಮೆ ಇದ್ದರೆ ಸಾಲು ಕಟ್ಟುವ ಮುಂಚೆಯೇ ಹೇಳುವುದು. "ನಾಳೆ ಬರುತ್ತೆ" ಅನ್ನುವ ಮಾತನ್ನು, ನಾಳೆ ಬರುವುದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಆಡುವುದು.

ಪರಿಹಾರ ಶಿಬಿರಕ್ಕೂ ಒಂದು ಲೆಕ್ಕ ಇದೆ ಅಂದರೆ ಹೊಸಬರಿಗೆ ಆಶ್ಚರ್ಯ. 1997ರಲ್ಲಿ ಶುರುವಾದ ಸ್ಫಿಯರ್ ಅನ್ನುವ ಜಾಗತಿಕ ಪ್ರಯತ್ನ ಈ ಅಳತೆಗಳನ್ನು ಕೊಟ್ಟಿದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಒಂದು ನಲ್ಲಿಗೆ ಹೆಚ್ಚೆಂದರೆ 250 ಜನ. ಶೌಚಾಲಯ ಮೊದಮೊದಲು 50 ಜನಕ್ಕೊಂದು, ಆಮೇಲೆ 20 ಜನಕ್ಕೊಂದು. ಸಂಖ್ಯೆ ಬಾಯಿಪಾಠ ಮಾಡಿದರೆ ಸಾಲದು. ಶೌಚಾಲಯದ ಒಳಗೆ ಚಿಲಕ ಇದೆಯಾ, ದಾರಿಯಲ್ಲಿ ದೀಪ ಇದೆಯಾ ಅಂತ ರಾತ್ರಿ ಹೋಗಿ ನೋಡಬೇಕು. ಇಲ್ಲದಿದ್ದರೆ ಹೆಂಗಸರು ಅಲ್ಲಿಗೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಗ 15 ಲೀಟರ್ ಕೊಟ್ಟೂ ಏನು ಬಂತು?

"ತರಬೇತಿ, ಪಟ್ಟಿ ಅಂತ ಕೂತರೆ ಜನ ಸಾಯ್ತಾರೆ" ಅನ್ನುವವರಿದ್ದಾರೆ. ಮೊದಲ ಕೆಲವು ಗಂಟೆಗಳ ಮಟ್ಟಿಗೆ ಅದು ನಿಜ. ಆಗ ಜೀವ ಉಳಿಸುವವರು ಅಕ್ಕಪಕ್ಕದವರೇ. ಅವರು ಯಾರ ಅಪ್ಪಣೆಗೂ ಕಾಯುವುದಿಲ್ಲ, ಕಾಯಲೂಬಾರದು. 1985ರ ಮೆಕ್ಸಿಕೊ ಸಿಟಿ ಭೂಕಂಪದಲ್ಲಿ ತರಬೇತಿ ಇಲ್ಲದ ಸಾಮಾನ್ಯ ಜನ ಸುಮಾರು 800 ಮಂದಿಯನ್ನು ಉಳಿಸಿದರು ಅನ್ನುತ್ತಾರೆ. ಆದರೆ ಹಾಗೆ ಉಳಿಸಲು ಹೋದವರಲ್ಲೇ ಸುಮಾರು 100 ಮಂದಿ ಸತ್ತರು. ಅಲ್ಲಿಗೆ ಹೋಗಿ ನೋಡಿ ಬಂದ ಲಾಸ್ ಏಂಜಲೀಸ್ ಅಗ್ನಿಶಾಮಕ ದಳ "ಜನ ಮುಂದೆ ಬರಬೇಡಿ" ಅನ್ನಲಿಲ್ಲ. ನೆರೆಹೊರೆಯವರಿಗೇ ತರಬೇತಿ ಕೊಡಲು ಹೊರಟಿತು. ನನಗೆ ಇಷ್ಟವಾಗುವುದು ಅದೇ.

ಇನ್ನು ಮಾತು. ಇದರಲ್ಲಿ ನಾನೇ ಎಡವಿದವನು. ಹೊಸದರಲ್ಲಿ, ಮನೆ ಕಳೆದುಕೊಂಡ ಹೆಂಗಸೊಬ್ಬರಿಗೆ "ಎಲ್ಲ ಸರಿಹೋಗುತ್ತೆ ಅಮ್ಮ" ಅಂದುಬಿಟ್ಟೆ. ಆಕೆ ತಲೆ ಎತ್ತಿ "ಹೇಗೆ?" ಅಂದರು. ಜಗಳಕ್ಕಲ್ಲ, ನಿಜವಾಗಿಯೂ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡು, ಕೇಳಿಸಿಕೊ, ಬೇಕಾದ ನೆರವಿನ ಜತೆ ಜೋಡಿಸು. ಏನಾಯ್ತು ಹೇಳಿ ಅಂತ ಕೆದಕುವುದು ಅದರಲ್ಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂರುವುದನ್ನೂ ಅಭ್ಯಾಸ ಮಾಡಿಸಬೇಕಾಗುತ್ತೆ. ಐದು ನಿಮಿಷ ಕೂರಿಸಿದರೆ ಅರ್ಧ ಜನ ಎರಡನೇ ನಿಮಿಷಕ್ಕೇ ಬಾಯಿ ತೆಗೆಯುತ್ತಾರೆ.

ಬೆಂಚು ಹತ್ತಿದ್ದ ಹುಡುಗ ಮರುದಿನ ತಾನಾಗಿಯೇ ಬಂದು "ಇನ್ನೊಂದು ಸಲ ಆಡಿಸಿ ಸರ್" ಅಂದ. ಚೀಟಿಗಳನ್ನು ಬದಲಾಯಿಸಿ ಬೇರೆಯವರಿಗೆ ಕೊಟ್ಟೆ. ಈ ಸಲ ಅವನು ಕೂಗಲಿಲ್ಲ, ಒಬ್ಬೊಬ್ಬರ ಹತ್ತಿರವೂ ಹೋಗಿ ಬಗ್ಗಿ ಮಾತಾಡಿಸಿದ. ಚೀಲ ಆರು ಕಡಿಮೆ ಇವೆ ಅಂತ ಮೊದಲೇ ಹೇಳಿದ. ಒಬ್ಬರು ಚೆನ್ನಾಗಿ ಬೈದರು, ಬೈಸಿಕೊಂಡ. ಸಿಗದ ಆರು ಜನರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡ. ಪೆನ್ನಿನಲ್ಲಲ್ಲ. ಮಳೆ ಬಿದ್ದರೆ ಅಳಿಸಿಹೋಗುತ್ತೆ ಅಂತ ಪೆನ್ಸಿಲ್ ತಂದು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ.